ಘಟ್ಟ ಇಳಿದು ಕಡಲಿಗೆ: ಬೋಟು ಗೊತ್ತು ಮಾಡಿಕೊಂಡು ಮೀನು ಹಿಡಿಯಲು ಹೊರಡುವ ಮಲೆನಾಡಿಗರಿಗೆ

ತುಂಗೆಯ ಮಡುವಿನಲ್ಲೋ ಶರಾವತಿ ಹಿನ್ನೀರಿನಲ್ಲೋ ಗಾಳ ಹಾಕಿ ಗೊತ್ತಿರುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನು ಹಿಡಿಯುವುದು, ಹಳ್ಳಕ್ಕೆ ಕೂಣಿ ಇಡುವುದು, ಎರೆಹುಳ ಸಿಕ್ಕಿಸಿ ಸಂಜೆವರೆಗೆ ದಡದಲ್ಲಿ ಕೂರುವುದು, ಇದನ್ನೆಲ್ಲ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಂಥವರು ಒಮ್ಮೆಯಾದರೂ ಸಮುದ್ರದಲ್ಲಿ ಗಾಳ ಹಾಕಬೇಕು. ಅಂಜಲ್ ಮೀನು ಕಚ್ಚಿದಾಗ ರೀಲಿನಿಂದ ದಾರ ಓಡುವ ವೇಗ ನದಿಯ ಯಾವ ಮೀನಿನಲ್ಲೂ ಸಿಗುವುದಿಲ್ಲ.

ಆದರೆ ಸಮುದ್ರಕ್ಕೆ ಹೋಗುವ ಕ್ರಮ ಬೇರೆ. ನದಿಯಲ್ಲಿ ಸಾಕಾಯಿತು ಅನ್ನಿಸಿದರೆ ಎದ್ದು ಮನೆಗೆ ಬರಬಹುದು. ಕಡಲಲ್ಲಿ ದಡಕ್ಕೆ ಒಂದೂವರೆ ಗಂಟೆ ದಾರಿ ಇರುತ್ತದೆ. ಪ್ರವಾಸ ಚೆನ್ನಾಗಿ ಆಗುತ್ತದೋ ಕೆಡುತ್ತದೋ ಅನ್ನುವುದು ಗಾಳ ನೀರಿಗೆ ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ. ಯಾವ ದಿನ ಹೋಗುತ್ತೀರಿ, ಯಾರ ಬೋಟಿನಲ್ಲಿ ಹೋಗುತ್ತೀರಿ, ಈ ಎರಡು ಸರಿಯಿದ್ದರೆ ಉಳಿದದ್ದನ್ನು ಕಲಿಯಬಹುದು. ಹಾಗಾಗಿ ಈ ಲೇಖನದಲ್ಲಿ ಗಾಳಕ್ಕಿಂತ ಜಾಸ್ತಿ ಮಾತು ಅವೆರಡರ ಬಗ್ಗೆಯೇ ಇದೆ.

ಆಳ ಸಮುದ್ರ ಅಂದರೆ ಎಷ್ಟು ದೂರ

ಮಲ್ಪೆಯಲ್ಲಿ ಆಳ ಸಮುದ್ರದ ಬೋಟು ಅಂದರೆ ಐಸು, ಡೀಸೆಲ್, ಅಕ್ಕಿ ತುಂಬಿಕೊಂಡು ಹತ್ತು ಹನ್ನೆರಡು ದಿನ ಕಡಲಲ್ಲೇ ಇರುವ ಟ್ರಾಲ್ ಬೋಟು. ಅದು ದುಡಿಮೆಯ ಬೋಟು, ನಮ್ಮಂಥವರಿಗೆ ಅಲ್ಲ. ವಿಜ್ಞಾನಿಗಳ ಲೆಕ್ಕದಲ್ಲಿ 200 ಮೀಟರ್ ಆಳ ದಾಟಿದ ಮೇಲೆ ಆಳ ಸಮುದ್ರ ಶುರು. ನಮ್ಮ ಕರಾವಳಿಯಲ್ಲಿ ಕಡಲಿನ ತಳ ತುಂಬಾ ನಿಧಾನವಾಗಿ ಇಳಿಯುತ್ತದೆ, ಅಷ್ಟು ಆಳ ಸಿಗಬೇಕಾದರೆ ಬಹಳ ದೂರ ಹೋಗಬೇಕು.

ಒಂದು ದಿನಕ್ಕೆ ಬಾಡಿಗೆಗೆ ಸಿಗುವ ಬೋಟು ಸಾಮಾನ್ಯವಾಗಿ ದಡದಿಂದ 15–25 ಕಿಲೋಮೀಟರ್ ಒಳಗೆ ಹೋಗುತ್ತದೆ. ಅಲ್ಲಿ ನೀರಿನ ಆಳ ಇಪ್ಪತ್ತರಿಂದ ನಲವತ್ತು ಮೀಟರ್ ಇದ್ದೀತು. 'ಆಳ ಸಮುದ್ರ' ಎಂದು ಜಾಹೀರಾತಿನಲ್ಲಿ ಬರೆದಿದ್ದರೂ ನಿಜವಾಗಿ ಸಿಗುವುದು ಇದೇ. ಬೇಸರ ಬೇಡ. ಅಂಜಲ್, ಕೇದರ (ಟ್ಯೂನಾ), ಮುರು (ಗ್ರೂಪರ್), ಕೆಂಬೇರಿ (ಸ್ನ್ಯಾಪರ್) ಎಲ್ಲ ಈ ನೀರಿನಲ್ಲೇ ಸಿಗುತ್ತವೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಮೀನುಗಾರಿಕೆ ರಾಜ್ಯದ ಕಾನೂನಿಗೆ ಸೇರಿದ್ದು. ಮೊದಲ ಸಲ ಹೋಗುವವರು ಅದರ ಒಳಗೇ ಇರುವುದು ಒಳ್ಳೆಯದು. ಇನ್ನೂ ಒಳಗೆ ಕರೆದುಕೊಂಡು ಹೋಗುತ್ತೇವೆ ಎಂದು ಆಸೆ ತೋರಿಸುವವರಿಗಿಂತ 'ಇವತ್ತು ಇಷ್ಟೇ ಸಾಕು' ಅನ್ನುವವರನ್ನು ನಂಬಿ.

ತಿಂಗಳು, ದಿನ, ಹೊತ್ತು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಸಿಟ್ಟಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ 'ಗೊತ್ತಾಗದ ಹಾಗೆ ಕರೆದುಕೊಂಡು ಹೋಗ್ತೀವಿ' ಅಂದರೆ ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ಆಗಸ್ಟ್‌ನಲ್ಲಿ ಸಮುದ್ರ ಪೂಜೆ ಮಾಡಿ ಮೀನುಗಾರರು ಕಡಲಿಗಿಳಿಯುತ್ತಾರೆ. ಆದರೆ ನಾವು ಇಳಿಯುವ ಕಾಲ ಅದಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲೆ ಇನ್ನೂ ತಣಿದಿರುವುದಿಲ್ಲ.

ನನ್ನ ಪ್ರಕಾರ ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಮಾರ್ಚ್, ಏಪ್ರಿಲ್‌ನಲ್ಲೂ ಹೋಗಬಹುದು, ಬಿಸಿಲು ಮಾತ್ರ ಸುಡುತ್ತದೆ. ಮೇ ತಿಂಗಳನ್ನು ನಂಬಬೇಡಿ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹೊಡೆದದ್ದು ನೆನಪಿದೆ ಅಲ್ವಾ? ಮಳೆಗಾಲ ಮುಗಿದ ಮೇಲೂ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುತ್ತದೆ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಬಂತು, 2017ರ ನವೆಂಬರ್ ಕೊನೆಯಲ್ಲಿ ಓಖಿ ಬಂತು. ತಿಂಗಳು ಒಳ್ಳೆಯದು ಅಂದ ಮಾತ್ರಕ್ಕೆ ಆ ದಿನ ಒಳ್ಳೆಯದಾಗಿರಬೇಕು ಅಂತಿಲ್ಲ.

ದಿನ ನೋಡುವುದಕ್ಕೆ ಎರಡು ಕಡೆ ಮಾಹಿತಿ ಸಿಗುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಪ್ರತ್ಯೇಕ ಎಚ್ಚರಿಕೆ ಕೊಡುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ವೇಗ ಇವುಗಳ ಮುನ್ಸೂಚನೆ ಕೊಡುತ್ತದೆ. ಹೊರಡುವ ನಾಲ್ಕು ದಿನ ಮೊದಲಿನಿಂದ ಎರಡನ್ನೂ ನೋಡುತ್ತಾ ಬನ್ನಿ. ಅಲೆ ಒಂದು ಮೀಟರ್ ಒಳಗಿದ್ದರೆ ಹೊಸಬರೂ ಆರಾಮಾಗಿ ಹೋಗಬಹುದು. ಒಂದೂವರೆ ಮೀಟರ್ ಅಂತ ತೋರಿಸಿದರೆ ನಾನಂತೂ ಹೊಸಬರನ್ನು ಕರೆದುಕೊಂಡು ಹೋಗುವುದಿಲ್ಲ. ಬೋಟಿಗೆ ಅದು ದೊಡ್ಡ ಅಲೆ ಅಲ್ಲದೆ ಇರಬಹುದು. ಆದರೆ ಬೋಟಿನಲ್ಲಿ ಕೂತವರಿಗೆ ದಿನ ಪೂರ್ತಿ ಹಾಳು.

ಇನ್ನು ಹೊತ್ತು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ಬೆಚ್ಚಗಿರುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ದಡದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ, ನೀರು ಸಮತಟ್ಟಾಗಿರುತ್ತದೆ. ಬಿಸಿಲೇರಿದ ಹಾಗೆ ಇದು ತಿರುಗುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರಾಗಿ ಸಣ್ಣ ಸಣ್ಣ ಅಲೆ ಎದ್ದು ಬೋಟನ್ನು ಕುಟ್ಟುತ್ತವೆ. ಬೆಳಿಗ್ಗೆ ಐದೂವರೆಗೆ ಬಂದರು ಬಿಟ್ಟು ಮಧ್ಯಾಹ್ನ ಒಂದರ ಒಳಗೆ ವಾಪಸ್ ಬರುವ ಹಾಗೆ ಮಾತಾಡಿಕೊಳ್ಳಿ. ಹತ್ತು ಗಂಟೆಗೆ ತಿಂಡಿ ತಿಂದು ಹೊರಡೋಣ ಅನ್ನುವ ಬೋಟಿನವರಿಗೆ ಮೀನಿನ ಬಗ್ಗೆ ಆಸಕ್ತಿ ಕಮ್ಮಿ ಎಂದೇ ತಿಳಿಯಿರಿ.

ತಳದ ಮೀನಿಗೆ ಗಾಳ ಹಾಕುವವರು ತಿಥಿಯನ್ನೂ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಳಿತ ಜಾಸ್ತಿ, ನೀರಿನ ಸೆಳೆತವೂ ಜಾಸ್ತಿ. ಗಾಳ ತಳದಲ್ಲಿ ನಿಲ್ಲುವುದೇ ಇಲ್ಲ, ಬೋಟಿನ ಹಿಂದಕ್ಕೆ ತೇಲಿಹೋಗುತ್ತದೆ. ಅಷ್ಟಮಿ ಸುತ್ತಮುತ್ತ ಸೆಳೆತ ಕಮ್ಮಿ, ಕೆಲಸ ಸುಲಭ.

ಯಾವ ಘಟ್ಟ, ಯಾವ ಬಂದರು

ಶಿವಮೊಗ್ಗ, ತೀರ್ಥಹಳ್ಳಿಯವರಿಗೆ ಆಗುಂಬೆ ಇಳಿದು ಹೆಬ್ರಿ, ಉಡುಪಿ ಮೇಲೆ ಮಲ್ಪೆ ಹತ್ತಿರ. ಶಿವಮೊಗ್ಗದಿಂದ ಸುಮಾರು 150 ಕಿಲೋಮೀಟರ್, ನಾಲ್ಕು ಗಂಟೆ ಇಟ್ಟುಕೊಳ್ಳಿ. ಹೊಸನಗರದವರು ಹುಲಿಕಲ್ ಘಾಟಿ ಇಳಿದು ಕುಂದಾಪುರ, ಗಂಗೊಳ್ಳಿ ಕಡೆ ಹೋಗಬಹುದು. ಸಾಗರದವರಿಗೆ ಜೋಗ, ಗೇರುಸೊಪ್ಪೆ ಮೇಲೆ ಹೊನ್ನಾವರ, ಅಲ್ಲಿಂದ ಮುರುಡೇಶ್ವರ. ಒಟ್ಟು 120 ಕಿಲೋಮೀಟರ್ ಆಸುಪಾಸು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮಲ್ಪೆ ಅಥವಾ ಮುರುಡೇಶ್ವರ. ಮಲ್ಪೆ ದೊಡ್ಡ ಬಂದರು, ಬೋಟು, ಐಸು, ಸಾಮಾನು ಎಲ್ಲ ಒಂದೇ ಕಡೆ ಸಿಗುತ್ತದೆ. ಕರಾವಳಿ ಕಾವಲು ಪೊಲೀಸರ ಮುಖ್ಯ ಕಚೇರಿ ಇರುವುದೂ ಅಲ್ಲೇ. ಮುರುಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಜನರನ್ನು ಕರೆದೊಯ್ದು ಅಭ್ಯಾಸವಿರುವ ಬೋಟಿನವರಿದ್ದಾರೆ. ಹೊಸಬರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಅವರಿಗೆ ಗೊತ್ತಿರುತ್ತದೆ. ಆದರೆ ನೇತ್ರಾಣಿಯ ಹವಳದ ಬಂಡೆಗಳ ಮೇಲೆ ಮಾತ್ರ ಗಾಳವನ್ನಾಗಲಿ ಲಂಗರನ್ನಾಗಲಿ ಹಾಕಿಸಬೇಡಿ. ಲಂಗರು ಒಂದು ಸಲ ಎಳೆದರೆ ಮುರಿಯುವ ಹವಳ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು. ಆ ಬಂಡೆ ಉಳಿದರೆ ಸುತ್ತಲಿನ ನೀರಿನಲ್ಲಿ ಮೀನು ಉಳಿಯುತ್ತದೆ.

ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ. ಅದರ ಹತ್ತಿರ ಬೋಟು ಸುಳಿಯುವಂತಿಲ್ಲ. ಗಂಗೊಳ್ಳಿ ಮತ್ತು ಹೊನ್ನಾವರದಲ್ಲಿ ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಹೋಗಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬೋಟು ಗೊತ್ತು ಮಾಡುವುದು

ಇಲ್ಲಿ ಆತುರ ಬೇಡ. ಫೋನಿನಲ್ಲಿ ದರ ಕೇಳಿ, ಪೂರ್ತಿ ದುಡ್ಡು ಕಳಿಸಿ, ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಹೋಗಿ ಬೋಟು ಹತ್ತುವುದು ಅತಿ ಕೆಟ್ಟ ಕ್ರಮ. ಸ್ವಲ್ಪ ಮುಂಗಡ ಕೊಟ್ಟು, ಹಿಂದಿನ ದಿನ ಸಂಜೆ ಬೆಳಕಿರುವಾಗಲೇ ಬಂದರಿಗೆ ಹೋಗಿ. ಬೋಟು ನೋಡಿ, ತಂಡೇಲರನ್ನು ಮಾತಾಡಿಸಿ. ಬೋಟಿನ ಮಾಲೀಕರು ಬೇರೆ, ಬುಕಿಂಗ್ ಮಾಡಿಕೊಳ್ಳುವವರು ಬೇರೆ, ಬೋಟು ನಡೆಸುವ ತಂಡೇಲರು ಬೇರೆ ಇರಬಹುದು. ಕಡಲಲ್ಲಿ ನಿಮ್ಮ ಜೀವ ಇರುವುದು ತಂಡೇಲರ ಕೈಯಲ್ಲಿ. ಮೊಗವೀರ, ಖಾರ್ವಿ, ಹರಿಕಾಂತ ಮನೆತನಗಳಲ್ಲಿ ಹುಟ್ಟಿ ಸಣ್ಣವರಿದ್ದಾಗಿನಿಂದ ಕಡಲು ನೋಡಿದ ತಂಡೇಲರು ಸಿಕ್ಕರೆ ನಿಮ್ಮ ಪುಣ್ಯ.

ಕೇಳಬೇಕಾದದ್ದನ್ನು ಸಂಕೋಚ ಇಲ್ಲದೆ ಕೇಳಿ. ಮೊದಲನೆಯದು ಪರವಾನಗಿ. ಮೀನು ಹಿಡಿಯಲು ಬೋಟಿಗಿರುವ ಪರವಾನಗಿ ಬೇರೆ, ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಲು ಬೇಕಾದ ಅನುಮತಿ ಬೇರೆ. ಮೀನುಗಾರಿಕೆ ಬೋಟಿನವರು ಸ್ನೇಹಕ್ಕೆ 'ಬನ್ನಿ ಅಣ್ಣ, ಕರ್ಕೊಂಡು ಹೋಗ್ತೀವಿ' ಅನ್ನಬಹುದು. ಅವರ ಮನಸ್ಸು ಒಳ್ಳೆಯದೇ. ಆದರೆ ಏನಾದರೂ ಆದರೆ ನಿಮಗೆ ವಿಮೆ ಸಿಗುವುದಿಲ್ಲ, ಅವರ ಬೋಟಿಗೂ ತೊಂದರೆ. ಅನುಮತಿಯ ಕಾಗದ, ವಿಮೆಯ ಕಾಗದ ತೋರಿಸಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಮೀನುಗಾರಿಕೆಗೆ ನೋಂದಣಿಯಾದ ಬೋಟಿನ ಮೈಮೇಲೆ 'ಐಎನ್‌ಡಿ–ಕೆಎ' ಎಂದು ಶುರುವಾಗುವ ಸಂಖ್ಯೆ ಬರೆದಿರುತ್ತದೆ. ಬೋಟಿನ ಮೇಲಿರುವ ಸಂಖ್ಯೆಯನ್ನು ಬರೆದುಕೊಂಡು ಮನೆಯವರಿಗೆ ಕಳಿಸಿ.

ಎರಡನೆಯದು ಲೈಫ್ ಜಾಕೆಟ್. ಎಷ್ಟಿವೆ ಅಂತ ಕೇಳಿದರೆ ಸಾಲದು, ತೆಗೆಸಿ ನೋಡಿ. ಪಟ್ಟಿ ಹರಿದಿದೆಯಾ, ಬಕಲ್ ಕೂರುತ್ತದಾ, ನಿಮ್ಮ ಮೈಗೆ ಸರಿಯಾಗುತ್ತದಾ? ತುಂಗೆಯಲ್ಲಿ ಈಜಿ ಬೆಳೆದವರು 'ನಂಗೆ ಈಜು ಬರುತ್ತೆ' ಅಂತ ಜಾಕೆಟ್ ಪಕ್ಕಕ್ಕಿಡುತ್ತಾರೆ. ನದಿಯ ಈಜು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ದಡ ಕಾಣದ ಕಡೆ ನೀರಿಗೆ ಬಿದ್ದವರಿಗೆ ಬೇಕಾದ್ದು ಈಜುವುದಕ್ಕಿಂತ ತೇಲುವುದು, ಬೋಟು ತಿರುಗಿ ಬರುವವರೆಗೆ ತೇಲಿಕೊಂಡಿರುವುದು. ಜಾಕೆಟ್ ಹಾಕಿಕೊಳ್ಳದವರನ್ನು ಗುಂಪಿನಲ್ಲಿ ಸೇರಿಸಿಕೊಳ್ಳಬೇಡಿ, ಅಷ್ಟು ಕಟ್ಟುನಿಟ್ಟು ಇರಲಿ.

ಮೂರನೆಯದು ಸಂಪರ್ಕ. ಒಳಗೆ ಹೋದ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಬೋಟಿನಲ್ಲಿ ವಿಎಚ್‌ಎಫ್ ವೈರ್‌ಲೆಸ್ ಮತ್ತು ಜಿಪಿಎಸ್ ಇರಲೇಬೇಕು. ವೈರ್‌ಲೆಸ್ಸಿನ 16ನೇ ಚಾನೆಲ್ ತುರ್ತು ಕರೆಗೆ ಮೀಸಲು. ಸಿಗ್ನಲ್ ಇರುವಲ್ಲಿ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093, ಈ ಎರಡು ಸಂಖ್ಯೆ ಎಲ್ಲರ ಫೋನಿನಲ್ಲಿ ಇರಲಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ ಪತ್ತೆಯಾದದ್ದು 2019ರ ಮೇನಲ್ಲಿ. ಕಡಲನ್ನೇ ನಂಬಿ ಬದುಕಿದ ಅನುಭವಿಗಳ ಬೋಟು ಅದು. ಸಂಪರ್ಕದ ವಿಷಯ ಎಷ್ಟು ದೊಡ್ಡದು ಎಂದು ಅರ್ಥವಾಗಲಿ ಅಂತ ಇಷ್ಟು ಹೇಳಿದೆ.

ಉಳಿದ ಪ್ರಶ್ನೆಗಳು ಸೌಕರ್ಯದವು. ನೆರಳಿಗೆ ಮಾಡು ಇದೆಯಾ? ಶೌಚಾಲಯ ಇದೆಯಾ? ಇದನ್ನು ಮುಖ್ಯವಾಗಿ ಕೇಳಿ, ಹೆಂಗಸರು ಜೊತೆಗಿದ್ದರೆ ಇನ್ನೂ ಮುಖ್ಯ. ರಾಡು, ರೀಲು, ಎರೆ, ಐಸು ಯಾರದ್ದು? ಸಿಕ್ಕ ಮೀನು ಯಾರಿಗೆ? ಕೆಲವು ಕಡೆ ಪೂರ್ತಿ ನಿಮಗೆ, ಕೆಲವು ಕಡೆ ಬೋಟಿನವರಿಗೂ ಪಾಲು. ಎರಡೂ ನ್ಯಾಯವೇ, ಆದರೆ ಮೊದಲೇ ಮಾತಾಗಿರಬೇಕು. ಹವಾಮಾನ ಕೆಟ್ಟು ಹೊರಡಲಾಗದಿದ್ದರೆ ಮುಂಗಡ ವಾಪಸ್ಸೋ, ಇನ್ನೊಂದು ದಿನಕ್ಕೆ ಹೊಂದಿಸುತ್ತಾರೋ ಎನ್ನುವುದನ್ನೂ ಕೇಳಿ. ಈ ಮಾತು ಮೊದಲೇ ಆಗಿದ್ದರೆ ಬೆಳಿಗ್ಗೆ ಗಾಳಿ ಜೋರಿದ್ದಾಗ ತಂಡೇಲರು 'ಬೇಡ' ಅನ್ನಲು ಹಿಂಜರಿಯುವುದಿಲ್ಲ. ನೀವೂ ದುಡ್ಡು ಹೋಯಿತಲ್ಲ ಎಂದು ಒತ್ತಾಯ ಮಾಡುವುದಿಲ್ಲ.

ದರವನ್ನು ತಲೆಗೆ ಇಷ್ಟು ಎಂದು ಮಾತಾಡುವುದಕ್ಕಿಂತ ಇಡೀ ಬೋಟಿಗೆ ಇಷ್ಟು ಎಂದು ಮಾತಾಡಿ. ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲಿನದು, ದೂರ ಹೋದಷ್ಟೂ ದರ ಏರುತ್ತದೆ. ಗುಂಪಿನಲ್ಲಿ ನಾಲ್ಕರಿಂದ ಆರು ಜನ ಸಾಕು. ಹತ್ತು ಜನ ಹೋದರೆ ತಲೆಗೆ ಕಮ್ಮಿ ಬೀಳುತ್ತದೆ ನಿಜ, ಆದರೆ ಗಾಳದ ದಾರಗಳು ಒಂದಕ್ಕೊಂದು ಸುತ್ತಿಕೊಂಡು ಅದನ್ನು ಬಿಡಿಸುವುದರಲ್ಲೇ ಬೆಳಗು ಕಳೆಯುತ್ತದೆ.

ಇನ್ನೊಂದು ಮಾತು. ರಾತ್ರಿ ಜೋರು ಎಲ್‌ಇಡಿ ಬೆಳಕು ಬಿಟ್ಟು ಮೀನು ಸೇರಿಸುತ್ತೇವೆ, ಕೈತುಂಬ ಸಿಗುತ್ತದೆ ಅಂದರೆ ಒಪ್ಪಬೇಡಿ. ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಸಣ್ಣ ಮರಿಗಳೂ ಆ ಬೆಳಕಿಗೆ ಬಂದು ಸಾಯುತ್ತವೆ. ನಾಡದೋಣಿಯವರ ಅನ್ನಕ್ಕೆ ಕಲ್ಲು ಹಾಕುವ ಕೆಲಸ ಅದು.

ಹಿಂದಿನ ರಾತ್ರಿ, ಮತ್ತು ವಾಂತಿಯ ವಿಷಯ

ಘಟ್ಟವನ್ನು ಹಿಂದಿನ ದಿನ ಹಗಲಿನಲ್ಲೇ ಇಳಿಯಿರಿ. ರಾತ್ರಿ ಎರಡಕ್ಕೆ ಶಿವಮೊಗ್ಗ ಬಿಟ್ಟು, ಆಗುಂಬೆಯ ಹದಿನಾಲ್ಕು ತಿರುವು ಇಳಿದು, ನಿದ್ದೆಗೆಟ್ಟು ನೇರ ಬೋಟು ಹತ್ತಿದರೆ ಅರ್ಧ ಗಂಟೆಯಲ್ಲಿ ಮಲಗಿಬಿಡುತ್ತೀರಿ. ಸಂಜೆ ತಲುಪಿ, ಹಗುರಾಗಿ ಊಟ ಮಾಡಿ, ಬೇಗ ಮಲಗಿ. ಮದ್ಯ ಬೇಡವೇ ಬೇಡ, ಹಿಂದಿನ ರಾತ್ರಿಯೂ ಬೇಡ, ಬೋಟಿನಲ್ಲೂ ಬೇಡ.

ಒಳಗಿವಿಗೆ ಮೈ ಅಲ್ಲಾಡುವುದು ಗೊತ್ತಾಗುತ್ತದೆ. ಆದರೆ ಬೋಟಿನೊಳಗೆ ಕೂತ ಕಣ್ಣಿಗೆ ಎಲ್ಲವೂ ನಿಂತ ಹಾಗೆ ಕಾಣುತ್ತದೆ. ಇವೆರಡು ಹೊಂದದೆ ಇದ್ದಾಗಲೇ ಹೊಟ್ಟೆ ತೊಳೆಸುವುದು. ಬಸ್ಸಿನಲ್ಲಿ ವಾಂತಿ ಮಾಡದವರಿಗೂ ಬೋಟಿನಲ್ಲಿ ಆಗಬಹುದು. ಮಾತ್ರೆ ತಗೊಳ್ಳುವುದಾದರೆ ಬೋಟು ಹತ್ತುವ ಒಂದೆರಡು ಗಂಟೆ ಮೊದಲೇ ತಗೊಳ್ಳಬೇಕು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಗೆ ಬರುತ್ತದೆ ಅಷ್ಟೆ. ಈ ಮಾತ್ರೆಗಳು ನಿದ್ದೆ ತರುತ್ತವೆ. ಯಾವುದು, ಎಷ್ಟು ಎಂದು ನಿಮ್ಮ ಡಾಕ್ಟರ ಹತ್ತಿರ ಕೇಳಿ. ಬಿಪಿ, ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳುವವರು, ಗರ್ಭಿಣಿಯರು ಕೇಳದೆ ತಗೊಳ್ಳಲೇಬೇಡಿ.

ಬೆಳಿಗ್ಗೆ ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಬೋಟಿನಲ್ಲಿ ಹಿಂಭಾಗದ ನಡುವೆ ಕೂರಿ, ಅಲ್ಲಿ ಅಲ್ಲಾಟ ಕಮ್ಮಿ. ಡೀಸೆಲ್ ಹೊಗೆ ಬರುವ ಕಡೆಯಿಂದ ಮಾತ್ರ ದೂರ ಇರಿ. ಆಕಾಶ, ನೀರು ಸೇರುವ ಗೆರೆ ನೋಡುತ್ತಿರಿ. ಫೋನು ನೋಡಬೇಡಿ, ಬಗ್ಗಿ ಗಾಳ ಕಟ್ಟುವ ಕೆಲಸವನ್ನು ಕಲಾಸಿಗೆ (ಬೋಟಿನ ಕೆಲಸದವರಿಗೆ) ಬಿಡಿ. ಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಾಯೆನಿಸುತ್ತದೆ. ವಾಂತಿ ಬಂದರೆ ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುವ ಬದಿಗೆ ಹೋಗಿ, ಒಬ್ಬರು ಹಿಂದಿನಿಂದ ಹಿಡಿದುಕೊಂಡಿರಲಿ. ಆಮೇಲೆ ಗುಟುಕು ಗುಟುಕಾಗಿ ನೀರು ಕುಡಿಯಿರಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಜೊತೆಗೆ ಏನೇನು

ಎಲ್ಲರ ಬಳಿ ಅಸಲಿ ಗುರುತಿನ ಚೀಟಿ ಇರಲಿ. ಸಮುದ್ರದಲ್ಲಿ ಕೋಸ್ಟ್ ಗಾರ್ಡ್ ತಪಾಸಣೆ ಮಾಡಬಹುದು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಉದ್ದ ತೋಳಿನ ತೆಳು ಅಂಗಿ, ದಾರ ಕಟ್ಟಿದ ಟೋಪಿ, ಕಪ್ಪು ಕನ್ನಡಕ, ಜಾರದ ಚಪ್ಪಲಿ, ಒಂದು ಜೊತೆ ಕೈಗವಸು. ಕನ್ನಡಕ ಬರೀ ಬಿಸಿಲಿಗಲ್ಲ, ಪಕ್ಕದವರು ಬೀಸಿದ ಕೊಕ್ಕೆಯಿಂದಲೂ ಕಣ್ಣು ಉಳಿಸುತ್ತದೆ. ತುದಿ ಮೊಂಡಾದ ಕಟಿಂಗ್ ಪ್ಲೇಯರ್ ಬೇಡ, ಕೊಕ್ಕೆಯನ್ನು ಕತ್ತರಿಸುವಷ್ಟು ಗಟ್ಟಿ ಇರುವುದೇ ಬೇಕು. ಕೈಗೆ ಕೊಕ್ಕೆ ಚುಚ್ಚಿಕೊಂಡರೆ ಅದು ಬೇಕಾಗುತ್ತದೆ. ಟಿಟಿ ಇಂಜೆಕ್ಷನ್ ಹಳೆಯದಾಗಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ.

ಅಳಿವೆ ದಾಟುವಾಗ

ನಮ್ಮ ನದಿಗಳೇ ಅಲ್ಲಿ ಕಡಲು ಸೇರುವುದು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದಲ್ಲಿ, ಚಕ್ರಾ ಮತ್ತು ವಾರಾಹಿ ಗಂಗೊಳ್ಳಿಯಲ್ಲಿ. ನದಿ ಹೊತ್ತು ತಂದ ಮರಳು ಅಳಿವೆಯ ಬಾಯಲ್ಲಿ ದಿಬ್ಬ ಕಟ್ಟುತ್ತದೆ. ಆ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ, ಎದುರಿನಿಂದ ಅಲೆ ಬಂದಾಗ, ಅಲ್ಲಿ ನೀರು ಕುದಿಯುತ್ತದೆ. ಬೋಟು ಮಗುಚಿದ ಎಷ್ಟೋ ಅವಘಡಗಳು ನಡು ಕಡಲಲ್ಲಿ ಅಲ್ಲ, ಇಂಥ ಅಳಿವೆ ಬಾಯಲ್ಲೇ ಆಗಿರುವುದು.

ಹಾಗಾಗಿ ಅಳಿವೆ ದಾಟುವ ಹೊತ್ತು ತಂಡೇಲರ ಲೆಕ್ಕಕ್ಕೆ ಬಿಟ್ಟದ್ದು. ಅವರು ಭರತ (ಉಬ್ಬರ) ಬರಲಿ ಎಂದು ಒಂದು ಗಂಟೆ ಕಾಯಿಸಿದರೆ ಕಾಯಿರಿ. ದಾಟುವಾಗ ಎಲ್ಲರೂ ಕೂತಿರಬೇಕು, ಜಾಕೆಟ್ ಕಟ್ಟಿರಬೇಕು, ಫೋಟೋ ತೆಗೆಯಲು ಒಂದೇ ಬದಿಗೆ ಸೇರಬಾರದು. ವಾಪಸ್ ಬರುವಾಗಲೂ ಇದೇ ಕ್ರಮ.

ಗಾಳ ಹಾಕುವುದು

ಮೂರು ರೀತಿ ಇವೆ. ಬೋಟು ಓಡುತ್ತಿರುವಾಗಲೇ ಹಿಂದೆ ಹುಸಿ ಮೀನನ್ನು ಎಳೆದುಕೊಂಡು ಹೋಗುವುದು ಟ್ರೋಲಿಂಗ್. ನಡೆಯುವುದಕ್ಕಿಂತ ಜೋರು, ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಬೋಟು ಹೋಗುತ್ತಿರುತ್ತದೆ. ಅಂಜಲ್, ಕೇದರ, ಬರಾಕುಡಾ ಹೀಗೆ ಸಿಗುತ್ತವೆ. ಅಂಜಲ್ ಮೀನಿಗೆ ಉತ್ತರ ಕನ್ನಡದಲ್ಲಿ ಇಸ್ವಣ ಅನ್ನುತ್ತಾರೆ. ಅದರ ಹಲ್ಲು ಬ್ಲೇಡಿನಷ್ಟು ಚೂಪು. ನೈಲಾನ್ ದಾರವನ್ನು ಕಚ್ಚಿ ಕತ್ತರಿಸಿಬಿಡುತ್ತದೆ. ಕೊಕ್ಕೆಯ ಮೇಲೆ ಒಂದು ಗೇಣಾದರೂ ಉಕ್ಕಿನ ತಂತಿ ಇರಬೇಕು. ಬೋಟಿನವರು ಕೊಟ್ಟ ಸಾಮಾನಿನಲ್ಲಿ ಮೊದಲು ಇದನ್ನು ನೋಡಿ.

ಕಡಲ ಹಕ್ಕಿಗಳು ಒಂದೇ ಕಡೆ ಮುಗಿಬಿದ್ದು ನೀರಿಗೆ ಇಳಿಯುತ್ತಿದ್ದರೆ ಕೆಳಗೆ ಬೂತಾಯಿಯದ್ದೋ ಬಂಗುಡೆಯದ್ದೋ ಹಿಂಡು ಇದೆ, ಅದರ ಕೆಳಗೆ ದೊಡ್ಡ ಮೀನು ಇದೆ ಅಂತ ಅರ್ಥ. ಬೋಟನ್ನು ಹಿಂಡಿನ ನಡುವೆ ನುಗ್ಗಿಸಬಾರದು, ಎಲ್ಲ ಚದುರಿಹೋಗುತ್ತವೆ. ಅಂಚಿನಲ್ಲಿ ಸುತ್ತು ಹಾಕಬೇಕು.

ಎರಡನೆಯದು ಎರೆ ಕಟ್ಟಿ ತಳಕ್ಕೆ ಬಿಡುವುದು. ನದಿಯಲ್ಲಿ ಗಾಳ ಹಾಕಿದವರ ಕೈಗೆ ಇದು ಬೇಗ ಹತ್ತುತ್ತದೆ. ಬೊಂಡಾಸಿನ (ಸ್ಕ್ವಿಡ್) ಪಟ್ಟಿ, ಸಿಗಡಿ, ಬೂತಾಯಿ ತುಂಡು, ಇವೇ ಎರೆ. ಸೀಸದ ಗುಂಡು ತಳ ಮುಟ್ಟಿದಾಗ ದಾರ ಸಡಿಲವಾಗುತ್ತದೆ. ಆಗ ಒಂದೆರಡು ಮೊಳ ಮೇಲೆತ್ತಿ ಹಿಡಿಯಿರಿ, ಇಲ್ಲದಿದ್ದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಮುರು, ಕೆಂಬೇರಿ ಕಲ್ಲುಗಳ ಸಂದಿಯಲ್ಲಿರುವ ಮೀನು. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ನದಿಯಲ್ಲಿ ನಾವು ಮೀನು ಎಳೆದಷ್ಟು ದಾರ ಬಿಟ್ಟು, ಸುಸ್ತು ಮಾಡಿ ತರುತ್ತೇವೆ. ಮುರು ಮೀನಿಗೆ ಹಾಗೆ ದಾರ ಬಿಟ್ಟರೆ ಅದು ಸಂದಿಗೆ ಹೊಕ್ಕು ರೆಕ್ಕೆ ಬಿಚ್ಚಿ ಕೂತುಬಿಡುತ್ತದೆ, ದಾರ ಕಲ್ಲಿಗೆ ಉಜ್ಜಿ ಕಡಿದುಹೋಗುತ್ತದೆ. ಕಚ್ಚಿದ ಮೊದಲ ಕೆಲವು ಸೆಕೆಂಡಿನಲ್ಲೇ ಅದನ್ನು ತಳದಿಂದ ನಾಲ್ಕೈದು ಮೀಟರ್ ಎತ್ತಿಬಿಡಬೇಕು. ಆಮೇಲೆ ಸಾವಕಾಶ.

ಅಂಜಲ್‌ಗೆ ಇದರ ವಿರುದ್ಧ. ಮೊದಲ ಓಟಕ್ಕೆ ಬಿಟ್ಟುಬಿಡಬೇಕು. ರೀಲಿನ ಬಿಗಿಯನ್ನು ದಾರದ ತಾಕತ್ತಿನ ಮೂರನೇ ಒಂದು ಪಾಲಿಗೆ ಇಟ್ಟಿರಿ. ಹತ್ತು ಕಿಲೋ ತಡೆಯುವ ದಾರ ಆದರೆ ಮೂರು ಕಿಲೋ ಎಳೆತಕ್ಕೆ ದಾರ ಬಿಚ್ಚಿಕೊಳ್ಳಬೇಕು. ಮೀನು ಓಡುವಾಗ ರೀಲು ತಿರುಗಿಸಬೇಡಿ, ನಿಂತಾಗ ತಿರುಗಿಸಿ. ರಾಡನ್ನು ಮೇಲೆತ್ತಿ, ಇಳಿಸುತ್ತಾ ಸುತ್ತಿಕೊಳ್ಳಿ. ಓಡುವ ದಾರವನ್ನು ಬರಿಗೈಯಲ್ಲಿ ಹಿಡಿಯಲೇಬೇಡಿ, ಬೆರಳು ಕತ್ತರಿಸುತ್ತದೆ. ಒಬ್ಬರಿಗೆ ಮೀನು ಸಿಕ್ಕಿದಾಗ ಉಳಿದವರು ತಮ್ಮ ಗಾಳ ಮೇಲೆತ್ತಿಕೊಳ್ಳಬೇಕು. ಈ ಶಿಸ್ತು ಇಲ್ಲದೆ ಕಳೆದುಕೊಂಡ ಮೀನಿಗೆ ಲೆಕ್ಕವಿಲ್ಲ.

ಮೂರನೆಯದು ಜಿಗ್ಗಿಂಗ್. ಮೀನಿನಾಕಾರದ ಲೋಹದ ತುಂಡನ್ನು ತಳಕ್ಕೆ ಬಿಟ್ಟು ಜರ್ಕ್ ಕೊಡುತ್ತಾ ಮೇಲೆ ತರುವುದು. ರಟ್ಟೆ ನೋಯುವ ಕೆಲಸ, ಮೊದಲ ಸಲಕ್ಕೆ ನಾನು ಹೇಳುವುದಿಲ್ಲ.

ಮೀನನ್ನು ಬೋಟಿಗೆ ಎತ್ತುವ ಕೆಲಸ ಕಲಾಸಿಯದು, ನಡುವೆ ಹೋಗಬೇಡಿ. ತೊರಕೆ ಮೀನಿನ ಬಾಲದಲ್ಲಿ ವಿಷದ ಮುಳ್ಳಿದೆ. ಕಡಲಿನ ಮೀಸೆ ಮೀನಿನ ರೆಕ್ಕೆಯ ಮುಳ್ಳೂ ಹಾಗೆಯೇ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಆ ಜಾಗವನ್ನು ಮುಳುಗಿಸಿಡಿ, ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಿ. ಬಲೂನಿನ ಹಾಗೆ ಊದಿಕೊಳ್ಳುವ ಮೀನು ಬಂದರೆ ನೀರಿಗೆ ಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಯಾವುದನ್ನು ಬಿಡಬೇಕು

ಕಡಲಾಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲ್ಗುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿಗಳು. ತಿಮಿಂಗಿಲ ಶಾರ್ಕ್‌ಗೆ 2001ರಿಂದ ಈ ರಕ್ಷಣೆ ಇದೆ. ನೇತ್ರಾಣಿ ಕಡೆ ಅದು ಕಾಣಿಸಿಕೊಂಡದ್ದೂ ಇದೆ. ಕಂಡರೆ ಬೋಟಿನ ಎಂಜಿನ್ ನಿಲ್ಲಿಸಿ ದೂರದಿಂದ ನೋಡಿ. ಇವುಗಳಲ್ಲಿ ಯಾವುದಾದರೂ ಗಾಳಕ್ಕೆ ಸಿಕ್ಕಿಕೊಂಡರೆ ಬೋಟಿಗೆ ಎತ್ತದೆ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ನೀರಿನಲ್ಲಿ ತೇಲುವ ತಿಮಿಂಗಿಲ ವಾಂತಿ ಅಂತ ಯಾರಾದರೂ ಏನನ್ನಾದರೂ ಎತ್ತಿಕೊಂಡರೆ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ.

ಸಣ್ಣ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ತಕ್ಷಣ ಬಿಡಿ. ಆಳದಿಂದ ವೇಗವಾಗಿ ಎಳೆದು ತಂದ ಮೀನಿನ ಗಾಳಿ ಚೀಲ ಉಬ್ಬಿ ಬಾಯಿಂದ ಹೊಟ್ಟೆ ಹೊರಗೆ ಬಂದಿರುತ್ತದೆ. ಅಂಥದ್ದನ್ನು ಬಿಟ್ಟರೂ ಬದುಕುವುದು ಕಷ್ಟ. ಆದ್ದರಿಂದ ಒಂದೇ ಜಾಗದಲ್ಲಿ ಸಾಲಾಗಿ ಮರಿ ಮೀನುಗಳೇ ಬರುತ್ತಿದ್ದರೆ ಆ ಜಾಗ ಬಿಟ್ಟು ಮುಂದೆ ಹೋಗೋಣ ಎಂದು ತಂಡೇಲರಿಗೆ ಹೇಳಿ. ಮನೆಗೆ, ನೆಂಟರಿಗೆ ಬೇಕಾದಷ್ಟು ಸಿಕ್ಕ ಮೇಲೆ ಗಾಳ ಮೇಲಿಡಿ.

ಮೀನನ್ನು ಘಟ್ಟ ಹತ್ತಿಸುವುದು

ಇದನ್ನು ಬಹಳ ಜನ ಹಗುರಾಗಿ ತಗೊಳ್ಳುತ್ತಾರೆ, ಆದರೆ ಕಾಯಿಲೆ ಬರುವುದು ಇಲ್ಲಿಂದಲೇ. ಕೇದರ, ಬಂಗುಡೆ, ಅಂಜಲ್ ಜಾತಿಯ ಮೀನು ಬಿಸಿಲಿನಲ್ಲಿ ಒಂದೆರಡು ಗಂಟೆ ಇದ್ದರೆ ಅದರಲ್ಲಿ ಹಿಸ್ಟಮಿನ್ ಎನ್ನುವ ವಸ್ತು ಸೇರಿಕೊಳ್ಳುತ್ತದೆ. ಮೀನು ನೋಡಲು ಚೆನ್ನಾಗಿಯೇ ಇರುತ್ತದೆ, ವಾಸನೆಯೂ ಬಂದಿರುವುದಿಲ್ಲ. ತಿಂದರೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ, ವಾಂತಿ ಭೇದಿ ಆಗುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ. ಇದಕ್ಕೆ ಮದ್ದು ಒಂದೇ, ಮೀನು ಬೋಟಿಗೆ ಬಂದ ಕೂಡಲೇ ಐಸಿಗೆ ಹಾಕುವುದು.

ಕಿವಿರಿನ ಹತ್ತಿರ ಕತ್ತರಿಸಿ ರಕ್ತ ಸೋರಿಸಿ, ಕರುಳು ಕಿವಿರು ತೆಗೆಸಿ, ಕಡಲ ನೀರಲ್ಲೇ ತೊಳೆಸಿ ಐಸಿನಲ್ಲಿ ಹೂಳಿ. ಒಂದು ಕಿಲೋ ಮೀನಿಗೆ ಕಮ್ಮಿ ಅಂದರೆ ಒಂದು ಕಿಲೋ ಪುಡಿ ಐಸು ಬೇಕು. ಬಂದರಿ‌ನಲ್ಲಿ ಐಸು ಅಗ್ಗಕ್ಕೆ ಸಿಗುತ್ತದೆ, ಜಿಪುಣತನ ಬೇಡ. ಥರ್ಮೊಕೋಲ್ ಡಬ್ಬಿಯಲ್ಲಿ ಅಡಿಗೆ ಒಂದು ಪದರ ಐಸು, ಮೇಲೆ ಮೀನು, ಮತ್ತೆ ಐಸು. ಮೇಲಿನ ಪದರ ಐಸೇ ಆಗಿರಬೇಕು. ಕರಗಿದ ನೀರು ಹೋಗಲು ಅಡಿಯಲ್ಲಿ ಸಣ್ಣ ತೂತು ಮಾಡಿ, ಕೆಳಗೊಂದು ಟ್ರೇ ಇಡಿ. ಇಲ್ಲದಿದ್ದರೆ ಮೀನು ಆ ನೀರಿನಲ್ಲೇ ನೆನೆಯುತ್ತದೆ, ಕಾರಿನ ವಾಸನೆ ತಿಂಗಳಾದರೂ ಹೋಗುವುದಿಲ್ಲ. ಹೆಬ್ರಿಯಲ್ಲೋ ಗೇರುಸೊಪ್ಪೆಯಲ್ಲೋ ಚಹಾಕ್ಕೆ ನಿಂತಾಗ ಕಾರನ್ನು ನೆರಳಿಗೆ ಹಾಕಿ, ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ನೋಡಿ. ಐಸು ಕರಗಿದ್ದರೆ ಇನ್ನಷ್ಟು ತುಂಬಿ.

ಮನೆ ತಲುಪಿದ ದಿನವೇ ತುಂಡು ಮಾಡಿ. ಎರಡು ದಿನದಲ್ಲಿ ತಿನ್ನುವುದನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕಿ. ಅಂಜಲ್ ತವಾ ಫ್ರೈಗೆ, ಮುರು ಮೀನಿನ ತಲೆ ಸಾರಿಗೆ. ರಾಡು, ರೀಲು ನಿಮ್ಮದೇ ಆಗಿದ್ದರೆ ಅವತ್ತು ರಾತ್ರಿಯೇ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ರೀಲಿನ ಬಿಗಿ ಸಡಿಲಿಸಿ, ನೆರಳಿನಲ್ಲಿ ಒಣಗಿಸಿ. ಬೆಳಿಗ್ಗೆ ಮಾಡೋಣ ಎಂದು ಬಿಟ್ಟರೆ ಉಪ್ಪು ತನ್ನ ಕೆಲಸ ಶುರು ಮಾಡಿರುತ್ತದೆ.